ಆಯುಧ ಪೂಜೆಗೆ ಕೂತ ಗಿಟಾರ್

ಕುಮಾರಸ್ವಾಮಿ ಲೇಔಟಿನ ಒಬ್ಬ ಅಂಕಲ್ ಹತ್ತಿರ ಅರವತ್ತು ವರ್ಷ ಹಳೆಯ ಎಲೆಕ್ಟ್ರಿಕ್ ಗಿಟಾರ್ ಇದೆ ಎಂದು ಗೊತ್ತಾದ ದಿನವೇ ನನ್ನ ನೆಮ್ಮದಿ ಹೋಯಿತು. ನಾನು ನಲವತ್ತಾರರ ಹೆಂಗಸು. ಜಯನಗರದ ಆಫೀಸೊಂದರಲ್ಲಿ ದಿನವಿಡೀ ಫೈಲು ನೋಡುತ್ತೇನೆ, ಸಂಜೆ ಮನೆಗೆ ಬಂದು ನನ್ನ ಸಾಧಾರಣ ಗಿಟಾರಿನಿಂದ ಅಕ್ಕಪಕ್ಕದವರ ಸಹನೆ ಪರೀಕ್ಷೆ ಮಾಡುತ್ತೇನೆ. ಅಂಥ ಗಿಟಾರ್ ಈಗ ಯಾರೂ ಮಾಡುವುದಿಲ್ಲ, ಊರಲ್ಲಿ ಇನ್ನೊಂದು ಇರುವುದೂ ಅನುಮಾನ. ಒಂದೇ ಒಂದು ಸಲ ಅದನ್ನು ನುಡಿಸಲೇಬೇಕು ಎಂದು ಹಟ ಹಿಡಿದೆ.

ಐದು ಭಾನುವಾರ ಅವರ ಮನೆಗೆ ಹೋದೆ. ಐದೂ ಸಲ ಕಾಫಿ ಸಿಕ್ಕಿತು, ಗಿಟಾರ್ ಸಿಗಲಿಲ್ಲ. ನೋಡುವುದಕ್ಕೇ ಬಳೆ ಬಿಚ್ಚಿಡಬೇಕು, ಕೈ ತೊಳೆಯಬೇಕು, ಹತ್ತಿರ ಬಗ್ಗಿ ಉಸಿರು ಬಿಡಬಾರದು. ಇವರೇನು ಗರ್ಭಗುಡಿ ಕಾಯುತ್ತಿದ್ದಾರಾ ಎಂದು ನನಗೆ ಸಿಟ್ಟೂ ಬರುತ್ತಿತ್ತು. ಕೊನೆಗೆ ದಸರೆ ಹೊತ್ತಿಗೆ ಅವರ ಮನೆಗೆ ಬಣ್ಣ ಹೊಡೆಸುವ ಕೆಲಸ ಶುರುವಾಗಿ, ಧೂಳಿಗೆ ಹೆದರಿದ ಅಂಕಲ್ ಆಯುಧ ಪೂಜೆಯ ಹಿಂದಿನ ಸಂಜೆ ತಾವೇ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಉತ್ತರಹಳ್ಳಿಯ ನಮ್ಮ ಮನೆಗೆ ತಂದರು.

"ನಾಲ್ಕು ದಿನ ನಿಮ್ಮತ್ರ ಇರ್ಲಿ. ನುಡಿಸ್ಬೋದು, ಆದ್ರೆ ಬೆವರ್ಬಾರ್ದು. ಒದ್ದೆ ಬಟ್ಟೆ ಸೋಕಿಸ್ಬೇಡಿ, ಪಾಲಿಶ್ ಹೋಗ್ಬಿಡತ್ತೆ."

ಅವರು ಗೇಟು ದಾಟಿದ್ದೇ ತಡ, ಕರೆಂಟು ಹೋಯಿತು. ಕರೆಂಟಿಲ್ಲದೆ ಆ ಗಿಟಾರಿಗೆ ದನಿಯಿಲ್ಲ. ಟ್ರಾನ್ಸ್‌ಫಾರ್ಮರ್ ಕೆಟ್ಟಿದೆ, ಬೆಳಗ್ಗೆಯೇ ಬರುವುದು ಎಂದರು ಪಕ್ಕದ ಮನೆಯವರು. ಇರಲಿ, ಬೆಳಗ್ಗೆ ತಲೆಗೆ ಸ್ನಾನ ಮಾಡಿ ಶುದ್ಧವಾಗಿ ಕೂತು ನುಡಿಸೋಣ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆಗಲೇ ಒಂದು ಎಡವಟ್ಟು ಮಾಡಿದ್ದೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಬಾಗಲಕೋಟೆ ಕಡೆಯ ಅತ್ತೆ ಎಲ್ಲಿ ಜಾಗ ಕಂಡರೂ ಒಗೆದ ಬಟ್ಟೆ ಹರವುವವರು. ಅವರ ಟವೆಲು ಗಿಟಾರಿನ ಮೇಲೆ ಬೀಳದಿರಲಿ ಎಂದು, "ಇದು ಬರೀ ಸಾಮಾನಲ್ಲ ಅತ್ತೆ, ದೇವರಿದ್ದ ಹಾಗೆ" ಎಂದಿದ್ದೆ. ಅತ್ತೆ ಬಹಳ ಗಂಭೀರವಾಗಿ ತಲೆಯಾಡಿಸಿದ್ದರು.

ಬೆಳಗ್ಗೆ ಬನಶಂಕರಿ ಮಾರ್ಕೆಟ್ಟಿನಿಂದ ಬೂದುಗುಂಬಳ ಹೊತ್ತು ಬಂದು ನೋಡುತ್ತೇನೆ, ಹಾಲಿನಲ್ಲಿ ಮಿಕ್ಸಿ, ಹೊಲಿಗೆ ಮಷಿನ್ನು, ಈಳಿಗೆ ಮಣೆ, ನನ್ನ ಹೆಲ್ಮೆಟ್ಟು ಸಾಲಾಗಿ ಕೂತಿವೆ. ನಟ್ಟನಡುವೆ ಕುರ್ಚಿಯಲ್ಲಿ ಆ ಗಿಟಾರ್. ಅದರ ಹಣೆ ಎಲ್ಲಿದೆ ಎಂದು ಗೊತ್ತಾಗದೆ ಅತ್ತೆ ಹೊಟ್ಟೆಗೇ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕತ್ತಿಗೆ ಸೇವಂತಿಗೆ ಮಾಲೆ ಹಾಕಿದ್ದರು. ವಿಭೂತಿಗೆ ನೀರು ಬೆರೆಸಿರಲಿಲ್ಲ ಅನ್ನುವುದೊಂದೇ ಪುಣ್ಯ.

"ಅತ್ತೆ, ಏನಿದು!"

"ನೀನ ಹೇಳಿದೆಲ್ಲ, ದೇವರಿದ್ದಂಗ ಅಂತ. ಪೂಜಿ ಆಗೇದ. ನಾಳೆ ಮುಂಜಾನೆ ಆರತಿ ಆಗೂ ತನಕ ಯಾವ ಆಯುಧಾನೂ ಮುಟ್ಟಂಗಿಲ್ಲ."

ಮೂರು ದಿನ ಬಾಕಿ ಇದೆಯಲ್ಲ ಎಂದು ಚಟ್ನಿಯಿಲ್ಲದ ಇಡ್ಲಿ ನುಂಗುತ್ತಿದ್ದಾಗ ಅಂಕಲ್ ಫೋನು ಬಂತು. ಬಣ್ಣದವರು ಹಬ್ಬಕ್ಕೆ ಊರಿಗೆ ಹೋದರಂತೆ, ಗಿಟಾರಿಲ್ಲದೆ ಮನೆ ಬಿಕೋ ಅನ್ನುತ್ತಿದೆಯಂತೆ, ಸಂಜೆ ಐದಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರಂತೆ. ನನಗೆ ಅಳುವೇ ಬಂತು. ಕರೆಂಟಿದೆ, ರಜೆಯಿದೆ, ಗಿಟಾರ್ ಕಣ್ಣೆದುರೇ ಇದೆ, ಮುಟ್ಟುವ ಹಾಗಿಲ್ಲ.

ಅತ್ತೆ ಹೋಳಿಗೆಗೆ ಕಣಕ ನಾದುತ್ತಿದ್ದಾಗ ಸದ್ದಿಲ್ಲದೆ ಹೋಗಿ ಒಂದು ಬೆರಳು ಚಾಚಿದೆ.

"ಏ!" ಎಂದರು ಅಡುಗೆಮನೆಯಿಂದ.

"ಒಂದೇ ತಂತಿ ಅತ್ತೆ."

"ಅರ್ಧ ತಂತೀನೂ ಇಲ್ಲ."

ಸರಿಯಾಗಿ ಐದಕ್ಕೆ ಅಂಕಲ್ ಬಂದರು. ನಾನು ಬಾಗಿಲಲ್ಲೇ ಅಡ್ಡ ನಿಂತು ಹವಾಮಾನ, ಮೆಟ್ರೋ ಎಂದು ಏನೇನೋ ಬಡಬಡಿಸಿದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ನೋಡಿಯೇಬಿಟ್ಟರು. ಇನ್ನು ಬೈಗುಳ ಶುರು ಎಂದುಕೊಂಡೆ. ಅವರು ಚಪ್ಪಲಿ ಕಳಚಿ ಒಳಗೆ ಬಂದು ಗಿಟಾರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನಮ್ಮಮ್ಮ ಇದನ್ನ ಶನಿ ಅಂತಿದ್ರು ಕಣಮ್ಮ," ಎಂದರು. "ಆರ್ಕೆಸ್ಟ್ರಾದಲ್ಲಿ ನುಡಿಸಿ ಹಾಳಾಗ್ತೀನಿ ಅಂತ ಅವರಿಗೆ ಭಯ. ಹಬ್ಬದ ದಿನ ಕುಡುಗೋಲಿಗೆ ಹೂವು, ಸೈಕಲ್ ಪಂಪಿಗೂ ಹೂವು. ಇದು ಮಾತ್ರ ಬಾಗಿಲ ಹಿಂದೆ. ಅಮ್ಮ ಹೋದ್ಮೇಲೆ ನಾನಾದ್ರೂ ಪೂಜೆಗೆ ಇಡ್ಬೋದಿತ್ತು. ಯಾಕೋ ಧೈರ್ಯ ಆಗ್ಲಿಲ್ಲ."

ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ದಿನ ಅವರನ್ನು ಮನಸ್ಸಿನಲ್ಲೇ ಜಿಪುಣ ಎಂದು ಬೈದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಮಾತ್ರ ಒಂದು ತಟ್ಟೆಯಲ್ಲಿ ಹೋಳಿಗೆ ತಂದು ಅವರ ಮುಂದಿಟ್ಟು, "ಇವತ್ತು ಒಯ್ಯಂಗಿಲ್ಲ ಮತ್ತ" ಎಂದರು.

"ಇಲ್ಲಮ್ಮ. ನಾಳೆ ಎಷ್ಟೊತ್ತಿಗೆ ಮುಟ್ಬೋದು?"

ಮರುದಿನ ಆರೂವರೆಗೇ ಅವರು ಹಾಜರ್. ಆರತಿಯಾಯಿತು, ಮಾಲೆ ತೆಗೆದದ್ದಾಯಿತು, ನನ್ನ ಸ್ಪೀಕರಿಗೆ ವೈರು ಸಿಕ್ಕಿಸಿದ್ದಾಯಿತು. ನಾನು ನನ್ನ ಆಸೆ ನುಂಗಿಕೊಂಡು, "ಮೊದಲು ನೀವು" ಎಂದೆ. ಅಂಕಲ್ ಒಂದು ಹಳೆಯ ಟ್ಯೂನು ಹಿಡಿದರು. ಬೆರಳು ಬಿಗಿದಿದ್ದರಿಂದ ಮೂರು ಕಡೆ ಎಡವಿದರು, ಮೂರು ಸಲವೂ ನಕ್ಕರು. ಆಮೇಲೆ ಗಿಟಾರನ್ನು ತಾವಾಗಿಯೇ ನನ್ನ ತೊಡೆಗೆ ದಾಟಿಸಿ ಸೋಫಾಕ್ಕೆ ಒರಗಿದರು.

ಅಂಕಲ್ ಬೆರಳು ಸವೆಸಿ ನುಣುಪಾಗಿದ್ದ ಆ ಹಿಡಿ ನನ್ನ ಅಂಗೈಗೆ ಹೇಳಿ ಮಾಡಿಸಿದಂತಿತ್ತು. ಒಂದು ತಂತಿ ಮೀಟಿದೆ. ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಂತು. ನನಗೆ ಬರುವ ನಾಲ್ಕು ಪಾಠ ನುಡಿಸಿದೆ, ಬಾರದ ಹತ್ತು ನುಡಿಸಿದೆ. ತಪ್ಪು ನುಡಿಸಿದರೂ ಆ ಗಿಟಾರ್ ಅದನ್ನು ಚಂದ ಮಾಡಿಯೇ ಹೊರಗೆ ಬಿಡುತ್ತಿತ್ತು. ಖುಷಿಗೆ ನನ್ನ ಬಾಯಿ ತೆರೆದೇ ಇತ್ತೆಂದು ಅತ್ತೆ ಆಮೇಲೆ ಹೇಳಿದರು.

ತಲೆಯೆತ್ತಿದಾಗ ಅಂಕಲ್ ನಿದ್ದೆ ಹೋಗಿದ್ದರು, ಸಣ್ಣಗೆ ಗೊರಕೆ ಬೇರೆ. ಪಾಪ, ಮಲಗಲಿ ಎಂದು ನಾನು ತಂತಿಗಳ ಮೇಲೆ ಕೈಯಿಟ್ಟು ನಿಲ್ಲಿಸಿದೆ. ಅತ್ತೆ ಓಡಿಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ನಿಲ್ಲಸಬ್ಯಾಡ! ನಿಲ್ಲಸಿದ್ರ ಎದ್ದು ಅದನ್ನ ತಗೊಂಡು ಹೊಂಟಬಿಡ್ತಾರ."