ಅಂಗಿಯ ಅಳತೆಯ ಸ್ವೆಟರ್

ಮಂಗಳೂರಿನ ಸೆಕೆಯಲ್ಲಿ ಉಲ್ಲನ್ ಕೇಳಿದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ. "ಊಟಿಗಾ ಅಕ್ಕ?" ಎಂದರು. "ಅಲ್ಲ, ಅತ್ತಾವರಕ್ಕೆ" ಎಂದೆ. ನನಗೇ ನಗು ಬಂತು.

ನನ್ನ ಗಂಡನಿಗೆ ವಾರಕ್ಕೆ ಮೂರು ಸಲ ಅತ್ತಾವರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಎಸಿ ಕೋಣೆಯಲ್ಲಿ ನಾಲ್ಕು ಗಂಟೆ ಮಲಗಬೇಕು. ಕೈಗೆ ಸೂಜಿ ಚುಚ್ಚಿರುವುದರಿಂದ ತೋಳಿರುವ ಸ್ವೆಟರ್ ಆಗುವುದಿಲ್ಲ, ಹೊದಿಕೆ ಜಾರುತ್ತಲೇ ಇರುತ್ತದೆ. ಇವರೋ, ಮೂರನೇ ಗಂಟೆಗೇ "ಚಳಿ, ಸಾಕು, ತೆಗೀರಿ" ಎಂದು ಹಟ ಹಿಡಿದು ಎದ್ದು ಬರುತ್ತಿದ್ದರು. ಹೀಗೆ ಅರ್ಧಕ್ಕೆ ಎದ್ದರೆ ಮೈಯಲ್ಲಿ ನೀರು ಉಳಿದು ಒಂದು ದಿನ ಉಸಿರೇ ಕಟ್ಟೀತು ಎಂದು ಡಾಕ್ಟರು ಬೈದರು. ಯಾರಿಗೆ? ನನಗೆ! ಸರಿ, ತೋಳಿಲ್ಲದ ಸ್ವೆಟರ್ ಹೆಣೆದುಕೊಡುವುದೆಂದು, ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದ ಹೆಣಿಗೆಯ ಕಡ್ಡಿಗಳನ್ನು ನಲವತ್ತು ವರ್ಷದ ಮೇಲೆ ಕೈಗೆತ್ತಿಕೊಂಡೆ.

ಇವರಿಗೆ ಗೊತ್ತಾಗಬಾರದೆಂದು ಹಗ್ಗದಲ್ಲಿ ಒಣಗುತ್ತಿದ್ದ ಅಂಗಿಯ ಅಳತೆ ತೆಗೆದು, ಮೂರು ವಾರ ಕದ್ದುಮುಚ್ಚಿ ಹೆಣೆದೆ. ತೊಡಿಸಿ ನೋಡಿದರೆ ಹೆಗಲು ಮೊಣಕೈಗೆ ಬಂದು ಕೂತಿತ್ತು.

"ಇದೆಂತ ಮಾರಾಯ್ತಿ? ಒಳಗೆ ಇನ್ನೂ ಜಾಗ ಉಂಟು. ನೀನೂ ಬಾ."

ನಮ್ಮ ಊರಿನಲ್ಲಿ ಮೈಗೆ ಅಂಟುವ ಅಂಗಿ ಯಾರು ಹೊಲಿಸುತ್ತಾರೆ? ಗಾಳಿ ಆಡಲಿ ಎಂದು ಟೈಲರೇ ನಾಲ್ಕು ಇಂಚು ಸಡಿಲ ಬಿಡುತ್ತಾರೆ. ನಾನು ಪೆದ್ದಿ, ಆ ಗಾಳಿಯನ್ನೂ ಸೇರಿಸಿ ಹೆಣೆದಿದ್ದೆ.

ಟೇಪು ತಂದು ಎದೆಗೆ ಸುತ್ತಿದೆ. ನಲವತ್ತೆರಡು ಇಂಚಿನ ಅಂಗಿಯೊಳಗೆ ಮೂವತ್ತನಾಲ್ಕರ ಎದೆ. ನಾಲ್ಕು ಇಂಚು ಟೈಲರದ್ದು. ಉಳಿದ ನಾಲ್ಕು? ದಿನಾ ಕಣ್ಣೆದುರು ಇರುವ ಮನುಷ್ಯ ಇಷ್ಟು ಸೊರಗಿದ್ದು ನನಗೆ ಕಾಣಲೇ ಇಲ್ಲವಲ್ಲ! ಟೇಪು ಹಿಡಿದು ಹಾಗೆಯೇ ನಿಂತುಬಿಟ್ಟೆ.

"ಅಳತೆ ತೆಗೆಯುವುದಾ, ಅಪ್ಪಿಕೊಳ್ಳುವುದಾ?" ಎಂದರು.

"ಸುಮ್ಮನೆ ನಿಲ್ಲಿ ಮಾರಾಯ್ರೇ."

ಮರುದಿನ ಪೂರ್ತಿ ಬಿಚ್ಚಿದೆ. ಇವರು ಎರಡು ಕೈ ಚಾಚಿ ಕೂತರು, ನಾನು ನೂಲನ್ನು ಅವರ ಕೈಗೆ ಸುತ್ತಿದೆ. ಈ ಸಲ ಅಂಗಿಯನ್ನು ನಂಬಲಿಲ್ಲ. ಹತ್ತು ಸಾಲಿಗೊಮ್ಮೆ ಇವರನ್ನೇ ಕರೆದು ಎದೆಗೆ ಹಿಡಿದು ನೋಡುತ್ತಿದ್ದೆ. ಟಿವಿಯಲ್ಲಿ ಕ್ರಿಕೆಟ್ ಇದ್ದರೆ ಬಯ್ದುಕೊಂಡೇ ಬರುತ್ತಿದ್ದರು. ಗಾಳಿ ನುಗ್ಗದಂತೆ ಕೆಳಗಿನ ಪಟ್ಟಿ ಬಿಗಿ ಮಾಡಿದೆ, ಕೈ ಆಡುವಷ್ಟು ಕಂಕುಳಲ್ಲಿ ಸಡಿಲ ಬಿಟ್ಟೆ.

ಹೊಸ ಸ್ವೆಟರ್ ತೊಟ್ಟು ಒಳಗೆ ಹೋದ ದಿನ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಮೂರು ಗಂಟೆ ಕಳೆಯಿತು. ಇವರು ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಬಾಗಿಲನ್ನೇ ನೋಡಿದೆ. ಕೂಗೇ ಇಲ್ಲ. ನನಗೆ ಹೆದರಿಕೆಯೇ ಆಯಿತು. ಎದ್ದು ಹೋಗಿ ಬಾಗಿಲಲ್ಲಿದ್ದ ನರ್ಸ್ ಹುಡುಗಿಯನ್ನು ಕೇಳಿದೆ.

"ಎಂತ ಇಲ್ಲ ಆಂಟಿ. ಅಂಕಲ್ ಗೊರಕೆ ಹೊಡೀತಾ ಇದ್ದಾರೆ."

ಅಲ್ಲಿಯೇ ಗೋಡೆಗೆ ಒರಗಿ ಅತ್ತುಬಿಟ್ಟೆ, ಖುಷಿಗೆ. ನಾಲ್ಕು ಗಂಟೆ ತುಂಬಿ ನರ್ಸ್ ಸೂಜಿ ತೆಗೆದ ಮೇಲೂ ಇವರಿಗೆ ಎಚ್ಚರವಿಲ್ಲ. ನಾನೇ ಒಳಗೆ ಹೋಗಿ ಹೆಗಲು ಅಲುಗಾಡಿಸಬೇಕಾಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿ ಸಿಡುಕಿದರು:

"ಇಷ್ಟು ಬೇಗ ಎಂತಕ್ಕೆ ಎಬ್ಬಿಸಿದ್ದು?"