ಶಾಂತವ್ವನ ಚರಗ

ಶಾಂತವ್ವನ ಕುತ್ತಿಗೆ ಸದಾ ತುಸು ಎಡಕ್ಕೆ ತಿರುಗಿರುತ್ತಿತ್ತು, ಮಾತಾಡುವಾಗಲೂ. ಸಂಶಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ಆ ಮನೆಯ ಕಟ್ಟೆಯ ಮೇಲೆ ಕೂತು ಎಡಕ್ಕೆ ನೋಡಿದರೆ ಅವಳ ಹೊಲ ಕಾಣುತ್ತಿತ್ತು. ಗಂಡ ಸತ್ತ ಮೇಲೆ ಮೈದುನರು ಅದನ್ನು ಮಾರಿದರು. ಕುತ್ತಿಗೆ ಹಾಗೇ ಉಳಿಯಿತು. ಈ ವಿವರ ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಎಳ್ಳಮವಾಸ್ಯೆಗೆ ನಮ್ಮ ಕಡೆ ಉಣ್ಣುವ ಮೊದಲು ರೊಟ್ಟಿ, ಕಡುಬು, ಪಲ್ಯ ಕಲಸಿ ಭೂಮಿತಾಯಿಗೆಂದು ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಹೊಲ ಮಾರಿದ ವರ್ಷದ ಅಮವಾಸ್ಯೆಯಂದು ನಾವು ಗೆಳೆಯರು ದೇವಿಕೊಪ್ಪದಾಚೆಯ ಗುಡ್ಡದ ಅರಣ್ಯಧಾಮಕ್ಕೆ ಚಾರಣ ಹೊರಟಿದ್ದೆವು. ಜೀಪಿನ ಬಳಿ ಶಾಂತವ್ವ ಚರಗದ ಗಂಟು ಹಿಡಿದು ನಿಂತಿದ್ದಳು.

“ನಾನೂ ಬರತೇನಿ. ಮಂದಿ ಹೊಲದಾಗ ಚರಗ ಚೆಲ್ಲಾಕ ಬರಂಗಿಲ್ಲ. ಅಡವಿ ಯಾರದೂ ಅಲ್ಲಲಾ.”

“ಭೂಮಿ ಉಣ್ಣತೈತೇನಬೇ?” ಎಂದೆ.

“ಕಾಲೇಜ ಕಲತಾವ ನೀ ಉಣ್ಣಂಗಿಲ್ಲೇನು? ಸುಮ್ನ ಗಾಡಿ ಹತ್ತಲೇ.”

ಗೇಟಿನಲ್ಲಿದ್ದ ಕಾವಲುಗಾರ ಬಮ್ಮಿಗಟ್ಟಿಯ ಮೌಲಾಸಾಬ ಗಂಟು ನೋಡಿದೊಡನೆ ಅರ್ಥ ಮಾಡಿಕೊಂಡ. “ನಮ್ಮ ಹೊಲದಾಗೂ ಇವತ್ತ ಚೆಲ್ಲತಾರ್ರಿ. ಆದ್ರ ಇಲ್ಲಿ ಬ್ಯಾಡ. ಮಂಗ್ಯಾ ರೂಢಿ ಆಗಿ ಮಂದೀನ್ನ ಕಡೀತಾವ, ನನ್ನ ನೌಕರಿ ಹೊಕ್ಕೈತಿ. ಇದು ಸರಕಾರದ ಭೂಮಿ.”

“ಸರಕಾರ ಉಣ್ಣಂಗಿಲ್ಲೇನು?”

ನಾವು ನಕ್ಕೆವು. ಅವಳು ನಗಲಿಲ್ಲ, ಗಂಟು ಹಿಡಿದೇ ನಮ್ಮೊಂದಿಗೆ ಒಳಗೆ ಬಂದಳು. ಚರಗ ಚೆಲ್ಲದೆ ಅವಳು ಅನ್ನ ಮುಟ್ಟುವವಳಲ್ಲ. ಗುಡ್ಡದ ತುದಿಯಲ್ಲಿ ನಾವು ಫೋಟೋ ತೆಗೆದುಕೊಳ್ಳುವಾಗ ಬಂಡೆಯ ಮೇಲೆ ಕೂತು, “ಏನ ಅಡವ್ಯೋ, ಕಣ್ಣ ಹಾಯಾಕ ಜಾಗಾ ಇಲ್ಲ” ಎಂದಳು. ಬಿಸ್ಕೀಟು ಕೊಟ್ಟರೆ ಬೇಡವೆಂದಳು. ಇಳಿಯುವಾಗ ಹಿಂದೆ ಉಳಿದಳು.

ಗೇಟಿನಲ್ಲಿ ಮೌಲಾಸಾಬ ಗಂಟು ಮುಟ್ಟಿ ನೋಡಿದ. ಖಾಲಿ.

“ಉಂಡೀಯೇನಬೇ?”

“ಉಂಡೆ.”

ಅವನು ಬಟ್ಟೆ ಕೊಡವಿ, ಮಡಚಿ ಅವಳ ಕೈಗಿತ್ತ.

ಗಂಟಿನಲ್ಲಿದ್ದುದನ್ನು ದಾರಿಯಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು ಎಂದು ಗೆಳೆಯನೊಬ್ಬ ಈಗಲೂ ಹೇಳುತ್ತಾನೆ. ನನಗೆ ಆ ಕಡುಬಿನ ರುಚಿಯ ನೆನಪಿಲ್ಲ. ಅವಳು ಚೆಲ್ಲಿದ್ದನ್ನೂ ನಾನು ಕಂಡಿಲ್ಲ. ಹಿಂದೆ ಬರುತ್ತಿದ್ದವಳನ್ನು ತಿರುಗಿ ನೋಡಿರಲಿಲ್ಲ.

ಹೋದ ವರ್ಷ ಶಾಂತವ್ವ ತೀರಿಕೊಂಡಳು. ನಮ್ಮಲ್ಲಿ ಹೊಲ ಇದ್ದವರನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಅವಳ ಗಂಡನ ಗೋರಿ ಮಾರಿದ ಹೊಲದಲ್ಲಿದೆ. ಅವಳಿಗೂ ಅಲ್ಲಿ ಜಾಗ ಕೊಡಿ ಎಂದು ಕೊಂಡವರನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಊರ ರುದ್ರಭೂಮಿಗೆ ಒಯ್ದೆವು. ಅಳು ಬರಲಿಲ್ಲ. ಕೈ ತೊಳೆದುಕೊಂಡೆ. ಯಾರೋ ಚಹಾ ಕೊಟ್ಟರು, ಕುಡಿದೆ.