ಪಾಯಿಂಟ್ ನಾಲ್ಕರಲ್ಲಿ ತೆವಳಿದ ಲ್ಯಾಪ್‌ಟಾಪ್

‘ಟೇಕ್ ಯುವರ್ ಟೈಮ್’ ಎಂದು ಇಲ್ಲಿ ಇಂಗ್ಲೆಂಡಿನವರು ನಗುನಗುತ್ತಾ ಹೇಳಿದರೆ ನಂಬಬೇಡಿ. ನಿಮ್ಮ ಟೈಮ್ ಮುಗಿಯಿತು ಎಂದೇ ಅರ್ಥ.

ಕಳೆದ ವಾರ ನನಗೆ ಡರ್ಬಿಯ ಒಂದು ಡಿಸೈನ್ ಕಂಪನಿಯ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಮಗಳು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಮತ್ತೆ ಸೇರಲು ಸಿಕ್ಕ ಮೊದಲ ಅವಕಾಶ. ಯಂತ್ರದ ಬಿಡಿಭಾಗವೊಂದರ ಮಾಡೆಲನ್ನು ಸ್ಕ್ರೀನಿನ ಮೇಲೆ ತಿರುಗಿಸಿ ತೋರಿಸುತ್ತಾ ಅಲ್ಲೇ ತಿದ್ದಬೇಕು. ಬೆಂಗಳೂರಿನಲ್ಲಿ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. (ಹೀಗೆಲ್ಲ ಕೊಚ್ಚಿಕೊಳ್ಳಬಾರದು, ಆದರೂ ನಿಜ.)

ಮೌಸ್ ಎಳೆದರೆ ಮಾಡೆಲ್ ಅಲುಗಲಿಲ್ಲ. ಮತ್ತೆ ಎಳೆದೆ. ಮೊದಲು ಎಳೆದದ್ದಕ್ಕೆ ಆಗ ತಿರುಗಿತು. ನನ್ನ ಮಾತೂ ತುಂಡುತುಂಡಾಗಿ ಕೇಳುತ್ತಿತ್ತಂತೆ. ಆ ಕಡೆಯಿದ್ದ ಮ್ಯಾನೇಜರಮ್ಮ ಅದೇ ಮಾತು ಹೇಳಿದಳು. ಟೇಕ್ ಯುವರ್ ಟೈಮ್!

ಎರಡು ದಿನಕ್ಕೆ ಇಮೇಲ್ ಬಂತು. ನಮಗೆ ಇನ್ನೂ ಸ್ವಲ್ಪ ಚುರುಕಾಗಿ ಕೆಲಸ ಮಾಡುವವರು ಬೇಕು ಎಂಬುದು ಅದರ ಸಾರ.

ಚುರುಕು! ನನಗೆ ಮೈಯೆಲ್ಲ ಉರಿದುಹೋಯಿತು.

ಲ್ಯಾಪ್‌ಟಾಪಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರಿನ ವೇಗ 0.4 ಗಿಗಾಹರ್ಟ್ಸ್. ಕೊಂಡಾಗ ಡಬ್ಬದ ಮೇಲೆ ಬರೆದಿದ್ದದ್ದು 2.6. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ಸ್ಟಿಕ್ಕರ್ ಮಾತ್ರ ಫಳಫಳ. ಲೆಮಿಂಗ್ಟನ್ ಸ್ಪಾದಲ್ಲಿ ಗೇಮ್ ಸ್ಟುಡಿಯೋ ಕೆಲಸದಲ್ಲಿರುವ ಗೆಳತಿ ಶಬಾನಾಗೆ ಫೋನ್ ಮಾಡಿ, ಈ ಲ್ಯಾಪ್‌ಟಾಪ್ ಕಂಪನಿಯನ್ನು ಕೋರ್ಟಿಗೆ ಎಳೆಯುತ್ತೇನೆ ಎಂದು ಕೂಗಾಡಿದೆ. ಅವಳು ಹುಬ್ಬಳ್ಳಿಯವಳು. ಕೂಗಾಟಕ್ಕೆಲ್ಲ ಜಗ್ಗುವವಳಲ್ಲ.

“ಅದೆಲ್ಲ ಇರ್ಲಿ. ಯಾವ ಚಾರ್ಜರ್ ಹಾಕಿದ್ದೀಯ, ಅದನ್ನ ಹೇಳು.”

“ಮನೇಲಿರೋದು ಕಣೆ, ಚಿಕ್ಕದು. ಈಗ ಎಲ್ಲಾದಕ್ಕೂ ಒಂದೇ ಪಿನ್ ಅಲ್ವಾ?”

“ಪಿನ್ ಒಂದೇ, ಪವರ್ ಒಂದೇ ಅಲ್ಲಮ್ಮಾ! ಅದು ಫೋನ್ ಚಾರ್ಜರ್. ಬೇಕಾದಷ್ಟು ಪವರ್ ಸಿಗದಿದ್ರೆ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸ್ಕೊಳ್ಳತ್ತೆ. ಸ್ಕ್ರೀನ್ ಮೇಲೆ ವಾರ್ನಿಂಗ್ ಬಂದಿರ್ಬೇಕಲ್ಲ?”

ನನ್ನ ಕಣ್ಣಿಗಂತೂ ಯಾವ ವಾರ್ನಿಂಗೂ ಬಿದ್ದಿರಲಿಲ್ಲ.

ಸಂಜೆ ಬರ್ಚ್‌ವುಡ್‌ನ ಆಫೀಸಿನಿಂದ ನಮ್ಮ ಯಜಮಾನರು ಬಂದರು. ನನ್ನ ಚಾರ್ಜರ್ ಎಲ್ಲಿ ಎಂದು ವಿಚಾರಿಸಿದೆ. ಅವರ ಬ್ಯಾಗಿನಿಂದ ನನ್ನ ಲ್ಯಾಪ್‌ಟಾಪಿನ ದಪ್ಪ ಚಾರ್ಜರ್ ಹೊರಬಂತು.

“ಆಫೀಸಿಗೆ ಒಂದು ಇರ್ಲಿ ಅಂತ ತಗೊಂಡೆ. ನಿಂಗೆ ಆ ಚಿಕ್ಕದನ್ನ ಹಾಕಿಟ್ಟೇ ಹೋಗಿದ್ನಲ್ಲ? ಲ್ಯಾಪ್‌ಟಾಪ್ ಆನ್ ಆಗ್ತಿತ್ತು ತಾನೆ?”

“ವಾರ್ನಿಂಗ್ ಬರ್ಲಿಲ್ವಾ ರೀ?”

“ಬಂತು. ಏನೋ ಸ್ಲೋ ಚಾರ್ಜರ್ ಅಂತ. ನಿಂಗ್ಯಾಕೆ ಕಿರಿಕಿರಿ ಅಂತ ‘ಡೋಂಟ್ ಶೋ ಅಗೇನ್’ ಒತ್ತಿದೆ.”

(ಎಂಥ ಕಾಳಜಿ ನೋಡಿ!)

ಈ ‘ಆನ್ ಆಗ್ತಿತ್ತು ತಾನೆ’ ಇದೆಯಲ್ಲ, ಅದಕ್ಕೆ ನನ್ನ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಯಾರದು ‘ನಿಜವಾದ ಕೆಲಸ’ವೋ ಅವರಿಗೆ ಒಳ್ಳೆಯ ಚಾರ್ಜರ್, ಒಳ್ಳೆಯ ಟೇಬಲ್, ಬಾಗಿಲು ಹಾಕಿಕೊಳ್ಳುವ ರೂಮು. ಉಳಿದವರು ಅಡುಗೆಮನೆಯ ಮೂಲೆಯಲ್ಲಿ, ಅಳಿದುಳಿದ ಕರೆಂಟಿನಲ್ಲಿ ಓಡಬೇಕು. ಆಮೇಲೆ ಯಾರೋ ಬಂದು ಅಳೆದು ನೋಡಿ, ಇವಳು ನಿಧಾನ ಎನ್ನುತ್ತಾರೆ. ಏನು ಹಾಕಿ ಓಡಿಸಿದಿರಿ ಎಂದು ಯಾರಾದರೂ ಕೇಳುತ್ತಾರಾ?

ಇಂಟರ್‌ವ್ಯೂ ಕೆಟ್ಟು ಕೆಲಸ ಕೈತಪ್ಪಿದ್ದು ಇದರಿಂದಲೇ ಎಂದಾಗ ಯಜಮಾನರ ಮುಖ ಸಣ್ಣಗಾಯಿತು. “ಇಂಟರ್‌ವ್ಯೂ ಇದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?”

ಭಾನುವಾರ ದೋಸೆ ಹಾಕುತ್ತಾ ಹೇಳಿದ್ದೆ. ಸೋಮವಾರ ಅವರ ಊಟದ ಡಬ್ಬಿ ತುಂಬುತ್ತಾ ಮತ್ತೆ ಹೇಳಿದ್ದೆ. ಎರಡು ಸಲವೂ ಫೋನಿನಿಂದ ಕಣ್ಣು ತೆಗೆಯದೆ ‘ಹ್ಞೂಂ’ ಎಂದಿದ್ದರು.

“ಹೇಳಿದ್ದೆ ರೀ. ಆಗ್ಲೂ ‘ಡೋಂಟ್ ಶೋ ಅಗೇನ್’ ಒತ್ತಿದ್ರೇನೋ?”